402ರಲ್ಲಿ 157 ಕಳೆದರೆ 355: ನಮ್ಮ ಶನಿವಾರದ ಗುಂಪಿನ ಅನುಭವ

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುವವಳು. ಸುತ್ತಲಿನ ಊರುಗಳ ಹನ್ನೆರಡು-ಹದಿಮೂರು ಶಿಕ್ಷಕರು ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಒಟ್ಟಿಗೆ ಕೂರುತ್ತೇವೆ. ಯಾರೂ ಆದೇಶ ಮಾಡಿದ್ದಲ್ಲ. ಬೇರೆ ತಾಲೂಕಿನವರು ಸಿಕ್ಕಾಗೆಲ್ಲ ಕೇಳುತ್ತಾರೆ, ಹೇಗೆ ಶುರು ಮಾಡಿದ್ರಿ, ಇಷ್ಟು ದಿನ ಹೇಗೆ ನಡೆಸಿದ್ರಿ ಅಂತ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಕೆಟ್ಟು ಹೋಗಿದ್ದನ್ನೂ ಸೇರಿಸಿ.

ಕೊರೊನಾ ಎರಡನೇ ಅಲೆ ಇಳಿದು 2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ಮತ್ತೆ ಶುರುವಾದಾಗ ನನ್ನ ಮುಂದೆ ಕೂತಿದ್ದ ನಾಲ್ಕನೇ ತರಗತಿ ಮಕ್ಕಳು ಎರಡನೇ ತರಗತಿಯಲ್ಲಿದ್ದಾಗ ಮನೆಗೆ ಹೋದವರು. ಒತ್ತಕ್ಷರ ಬಂದ ಕೂಡಲೇ ಓದು ನಿಂತುಬಿಡುತ್ತಿತ್ತು. ಮರುವರ್ಷ, ತಪ್ಪಿಹೋದ ಕಲಿಕೆ ತುಂಬಿಸೋಕೆ ಅಂತ ಸರ್ಕಾರದ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು, ಕಲಿಕಾ ಹಾಳೆಗಳು ಬಂದವು. ಹಾಳೆ ತುಂಬಿಸಿದ್ದಾಯಿತು. ಆದರೆ ಈ ಮಗುವಿಗೆ ಎಲ್ಲಿ ತಪ್ಪುತ್ತಿದೆ ಅಂತ ಕೇಳೋಣ ಅಂದರೆ ಯಾರನ್ನು ಕೇಳೋದು? ತಿಂಗಳ ಸಮಾಲೋಚನಾ ಸಭೆಗೆ ಹೋದರೆ ಅಲ್ಲಿ ಸುತ್ತೋಲೆ, ಎಸ್‌ಎಟಿಎಸ್ ಎಂಟ್ರಿ (ಮಕ್ಕಳ ವಿವರ ಆನ್‌ಲೈನಿನಲ್ಲಿ ತುಂಬುವುದು), ಹಾಲು-ಬಿಸಿಯೂಟದ ಲೆಕ್ಕ, ಇಷ್ಟರಲ್ಲೇ ಹೊತ್ತು ಮುಗಿಯುತ್ತಿತ್ತು. ತರಗತಿಯ ಮಾತು ಬರುತ್ತಿದ್ದದ್ದು ಆಮೇಲೆ, ಬಸ್ ಕಾಯುತ್ತಾ ನಿಂತಾಗ. "ಅಕ್ಕಾರ, ನಿಮ್ಮ ಹುಡುಗ್ರು ಭಾಗಾಕಾರ ಮಾಡ್ತಾರೇನ್ರಿ?" ಅಂತ ಒಬ್ಬರು ಕೇಳೋರು. ಉತ್ತರ ಕೊಡುವಷ್ಟರಲ್ಲಿ ಬಸ್ ಬಂದುಬಿಡುತ್ತಿತ್ತು. ಈ ಮಾತಿಗೇ ಒಂದು ಜಾಗ, ಒಂದು ಹೊತ್ತು ಮಾಡಿಕೊಂಡರೆ ಹೇಗೆ ಅನ್ನಿಸಿದ್ದು ಆಗಲೇ.

ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಬೇರೆ ದಿನ ಆಗುವುದೇ ಇಲ್ಲ, ಯಾಕೆಂದರೆ ನಮ್ಮ ಸುತ್ತ ಒಬ್ಬರೇ ಶಿಕ್ಷಕರಿರುವ ಶಾಲೆಗಳಿವೆ, ಅವರು ಎದ್ದು ಬಂದರೆ ಆ ದಿನ ಶಾಲೆಗೆ ಬೀಗ ಬಿದ್ದ ಹಾಗೆ. 2022ರ ಜುಲೈನಲ್ಲಿ ಒಂದು ಶನಿವಾರ ನಮ್ಮ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ (ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಹಾಡು, ಆಟದಲ್ಲಿ ಕಲಿಯುವ ಕೊಠಡಿ) ಸೇರೋಣ ಅಂತ ಎಲ್ಲರಿಗೂ ಹೇಳಿದೆ. ನಾಲ್ಕು ಜನ ಬಂದರು. ನಾನು ಒಂದು ವಾರ ಕೂತು ತಯಾರಿ ಮಾಡಿಕೊಂಡಿದ್ದೆ. ಓದಿನ ಹಂತಗಳ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು, ಚಹಾ ಕುಡಿದರು, ಹೋದರು. ಮುಂದಿನ ಸಲ ಇಬ್ಬರು ಬಂದರು. ಮೂರನೇ ಸಲ ಪಕ್ಕದೂರಿನ ಅಕ್ಕೋರು ಒಬ್ಬರೇ. ನನಗೆ ಅಳು ಬರುವ ಹಾಗಾಗಿತ್ತು. ತರಬೇತಿಯಲ್ಲಿ ಕೂತು ಕೂತು ಬೇಸತ್ತವರಿಗೆ ನಾನು ಕೊಟ್ಟಿದ್ದು ಇನ್ನೊಂದು ತರಬೇತಿ. ಅದು ಆ ದಿನ ಗೊತ್ತಾಯಿತು.

ಆ ಅಕ್ಕೋರ ಬಸ್ಸಿಗೆ ಇನ್ನೂ ಒಂದೂವರೆ ತಾಸಿತ್ತು. ಸುಮ್ನೆ ಯಾಕೆ ಕೂರೋದು ಅಂತ ಚೀಲದಿಂದ ತಿದ್ದಬೇಕಿದ್ದ ನೋಟ್‌ಬುಕ್ ತೆಗೆದರು. ಒಂದು ಪುಟದಲ್ಲಿ 402ರಲ್ಲಿ 157 ಕಳೆಯುವ ಲೆಕ್ಕ. ಹುಡುಗ 355 ಅಂತ ಬರೆದಿದ್ದ. ಅವರು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಯಲು ಹೋದರು. "ತಡೀರಿ ಅಕ್ಕಾರ, ಇದು ಹೇಗೆ ಬಂತು?" ಅಂದೆ. ಇಬ್ಬರೂ ನೋಡಿದೆವು. ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು ಬರೆದಿದ್ದಾನೆ. ಸೊನ್ನೆಯಲ್ಲಿ ಐದು ಹೋಗಲ್ಲ, ಐದನ್ನೇ ಇಳಿಸಿದ್ದಾನೆ. ನಾಲ್ಕರಲ್ಲಿ ಒಂದು ಹೋದರೆ ಮೂರು. ಬಿಡಿ, ಹತ್ತು, ನೂರು, ಹೀಗೆ ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ, ಮೇಲಿದ್ದದ್ದು ಯಾವುದು ಕೆಳಗಿದ್ದದ್ದು ಯಾವುದು ಅಂತ ನೋಡಿಲ್ಲ. ಇನ್ನೊಂದು ನೋಟ್‌ಬುಕ್ ತೆಗೆದರೆ ಅದೇ ಲೆಕ್ಕಕ್ಕೆ 255. ಅದು ಬೇರೆಯೇ ತಪ್ಪು. ಆ ಹುಡುಗಿಗೆ ನೂರರ ಮನೆಯಿಂದ ತರಬೇಕು ಅಂತ ಗೊತ್ತು, ನಾಲ್ಕನ್ನು ಮೂರು ಮಾಡಿದ್ದಾಳೆ, ಸೊನ್ನೆಯನ್ನು ಹತ್ತು ಮಾಡಿದ್ದಾಳೆ, ಬಿಡಿಯ ಎರಡನ್ನು ಹನ್ನೆರಡೂ ಮಾಡಿದ್ದಾಳೆ, ಆದರೆ ಬಿಡಿಗೆ ಕೊಟ್ಟ ಮೇಲೆ ಆ ಹತ್ತು ಒಂಬತ್ತಾಗಬೇಕು ಅನ್ನೋದು ಬಿಟ್ಟುಹೋಗಿದೆ. ಸರಿ ಉತ್ತರ 245. ಅವಳು ಅದರ ಹತ್ತಿರ ಬಂದಿದ್ದಳು. ನಾವು ಇಷ್ಟು ವರ್ಷ ಈ ಇಬ್ಬರಿಗೂ ಒಂದೇ ಅಡ್ಡಗೆರೆ ಎಳೆದು, ಇಬ್ಬರಿಗೂ "ಹತ್ತು ಸಲ ಬರಿ" ಅಂದಿದ್ದೆವು.

ಒಂದೂವರೆ ತಾಸು ಹೋಗಿದ್ದೇ ಗೊತ್ತಾಗಲಿಲ್ಲ. ಮುಂದಿನ ಶನಿವಾರಕ್ಕೆ ನಾನು ಕಳಿಸಿದ ಮೆಸೇಜು ಇಷ್ಟೇ: "ನಿಮ್ಮ ಮಕ್ಕಳ ತಪ್ಪು ಲೆಕ್ಕ ಇರುವ ಒಂದು ನೋಟ್‌ಬುಕ್ ತನ್ನಿ. ಬೇರೆ ಏನೂ ಬೇಡ." ಏಳು ಜನ ಬಂದರು.

ಆ ದಿನ 355ರ ಮೇಲೆ ಜಗಳವೇ ಆಯಿತು ಅನ್ನಬೇಕು, ಒಳ್ಳೆಯ ಜಗಳ. ಒಬ್ಬರು ಮಕ್ಕಳಿಗೆ ಅಭ್ಯಾಸ ಸಾಲದು ಅಂದರು. ಇನ್ನೊಬ್ಬರು ಸ್ಥಾನಬೆಲೆಯೇ ಬಂದಿಲ್ಲ ಅಂದರು. ಆಗ ತಾಂಡಾ ಶಾಲೆಯ ಸರ್ ಹೇಳಿದ ಮಾತು ನಾನು ಮರೆಯಲ್ಲ. "ನಾವು ಪಕ್ಕದ ಮನೆಯಿಂದ ಸಾಲ ತಗೋ ಅಂತೀವಿ. ನನ್ನ ಹುಡುಗ ಒಬ್ಬ ಕೇಳ್ದ, ಸರ್, ಸಾಲ ವಾಪಸ್ ಯಾವಾಗ ಕೊಡೋದ್ರಿ ಅಂತ." ಕೋಣೆ ಸುಮ್ಮನಾಯಿತು. ಸಾಲ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ತಂದ ಸಾಲ ತೀರಿಸಲೇಬೇಕು. ಲೆಕ್ಕದಲ್ಲಿ ಯಾರೂ ತೀರಿಸಲ್ಲ. ಆ ಮಾತು ಮಗುವಿಗೆ ಅರ್ಥ ಆಗದೆ ಇದ್ದದ್ದೇ ಸರಿ.

ಅಲ್ಲೇ ಕೂತು ಬೇರೆ ಮಾತು ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಚಿಲ್ಲರೆ. ನಿನ್ನ ಹತ್ತಿರ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಇವೆ. ಕಿರಾಣಿ ಅಂಗಡಿಗೆ ಸರಿಯಾಗಿ 157 ಕೊಡಬೇಕು, ಅಂಗಡಿಯವನ ಹತ್ತಿರ ಚಿಲ್ಲರೆ ಇಲ್ಲ. ಏನು ಮಾಡ್ತೀಯ? ಒಂದು ನೂರರ ನೋಟು ಮುರಿಸಿ ಹತ್ತರ ಹತ್ತು ನೋಟು ಮಾಡಿಸ್ತೀಯ, ಅದರಲ್ಲಿ ಒಂದು ಹತ್ತನ್ನು ಮತ್ತೆ ಮುರಿಸಿ ಬಿಡಿ ಮಾಡಿಸ್ತೀಯ. ಈಗ ನೂರು ಮೂರು, ಹತ್ತು ಒಂಬತ್ತು, ಬಿಡಿ ಹನ್ನೆರಡು. ರಟ್ಟಿನ ನೋಟು ಕತ್ತರಿಸಿಕೊಂಡು ಹೋಗಿ ಸೋಮವಾರ ಎಲ್ಲರೂ ತಮ್ಮ ತಮ್ಮ ತರಗತಿಯಲ್ಲಿ ಮಾಡಿದೆವು. ಹದಿನೈದು ದಿನ ಬಿಟ್ಟು ಮತ್ತೆ ನೋಟ್‌ಬುಕ್ ತಂದೆವು. 355 ಕಡಿಮೆಯಾಗಿತ್ತು. 255 ಮಾತ್ರ ಕೆಲವರಲ್ಲಿ ಉಳಿದಿತ್ತು, ಅವರಿಗೆ ಎರಡು ಸಲ ಮುರಿಸುವ ಲೆಕ್ಕ ಜಾಸ್ತಿ ಬೇಕಿತ್ತು. ಇದನ್ನು ನನಗೆ ಯಾವ ತರಬೇತಿಯೂ ಹೇಳಿರಲಿಲ್ಲ. ಪಕ್ಕದೂರಿನ ಒಬ್ಬ ಶಿಕ್ಷಕರ ಕೈಯಲ್ಲಿ ಈ ಉತ್ತರ ಅರ್ಧ ಇತ್ತು, ಇನ್ನರ್ಧ ಇನ್ನೊಬ್ಬರ ಹತ್ತಿರ.

ಆಮೇಲೆ ಒಂದೊಂದೇ ಕಟ್ಟುಪಾಡು ತಾನಾಗಿ ಬಂತು. ಬರಿಗೈಲಿ ಬರಬಾರದು, ನೋಟ್‌ಬುಕ್ಕೋ, ಮಗು ಬಿಡಿಸಿದ ಚಿತ್ರವೋ, ಓದಿದ್ದರ ರೆಕಾರ್ಡಿಂಗೋ ಏನಾದರೂ ಇರಬೇಕು. ಮಗುವಿನ ಹೆಸರು ಹೇಳಬಾರದು. "ಈಗಿನ ಮಕ್ಕಳೇ ಹಿಂಗೆ", "ಮನೇಲಿ ಯಾರೂ ನೋಡಲ್ಲ" ಅನ್ನೋ ಮಾತು ಅಲ್ಲಿ ಬೇಡ, ಅದು ನಿಜ ಇದ್ದರೂ ಬೇಡ, ಯಾಕೆಂದರೆ ಆ ಮಾತು ಬಂದರೆ ಅಲ್ಲಿಗೆ ಯೋಚನೆ ಮುಗಿಯಿತು. ಹಾಜರಿ ಇಲ್ಲ, ಫೋಟೋ ಇಲ್ಲ, ನಡಾವಳಿ ಪುಸ್ತಕ ಇಲ್ಲ. ಚಹಾ, ಗಿರಮಿಟ್ ಖರ್ಚು ಹಂಚಿಕೊಳ್ಳೋದು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ನಮ್ಮ ಸಿಆರ್‌ಪಿ ಸರ್‌ಗೆ ವಿಷಯ ಗೊತ್ತಾಗಿ ಬರಲೇ ಅಂತ ಕೇಳಿದರು. ಬನ್ನಿ ಸರ್, ಆದರೆ ನೀವೂ ಒಂದು ನೋಟ್‌ಬುಕ್ ತರಬೇಕು ಅಂದೆವು. ತಂದರು. ಅವರೂ ಮೊದಲು ತರಗತಿಯಲ್ಲಿ ನಿಂತು ಪಾಠ ಮಾಡಿದವರೇ ಅಲ್ವಾ.

ಅತಿಥಿ ಶಿಕ್ಷಕರನ್ನು ಕರೆಯಲೇಬೇಕು. ಇದನ್ನು ಒತ್ತಿ ಹೇಳುತ್ತೇನೆ. ತರಬೇತಿಗೆ ಅವರನ್ನು ಕರೆಯುವುದು ಕಡಿಮೆ, ಆದರೆ ಎಷ್ಟೋ ಶಾಲೆಯಲ್ಲಿ ದಿನವಿಡೀ ಮಕ್ಕಳ ಜೊತೆ ಇರುವವರು ಅವರೇ. ನಮ್ಮ ಗುಂಪಿನಲ್ಲಿ ಮೂವರಿದ್ದಾರೆ. ಮೊದಮೊದಲು ಮೂಲೆಯಲ್ಲಿ ಕೂರುತ್ತಿದ್ದರು. ಕುರ್ಚಿ ತೆಗೆದು ಎಲ್ಲರೂ ಜಮಖಾನದ ಮೇಲೆ ಸುತ್ತ ಕೂರೋಕೆ ಶುರು ಮಾಡಿದ ಮೇಲೆ ಮೂಲೆ ಅನ್ನೋದೇ ಉಳಿಯಲಿಲ್ಲ.

ವಾಟ್ಸಾಪ್ ಗುಂಪು ಮಾಡಿದ್ದೆ. ಒಂದೇ ವಾರದಲ್ಲಿ ಶುಭೋದಯ, ಸುತ್ತೋಲೆ, ಹುಟ್ಟುಹಬ್ಬ ತುಂಬಿಹೋಯಿತು. ಅದನ್ನು ಅಳಿಸಿ ಹೊಸದು ಮಾಡಿ, ವಾರಕ್ಕೆ ಒಂದೇ ಫೋಟೋ ಅಂತ ಮಾಡಿದೆವು. ಮಗುವಿನ ಬರಹದ ಫೋಟೋ, ಕೆಳಗೆ ಒಂದೇ ಪ್ರಶ್ನೆ, ಇದು ಹೇಗೆ ಬಂದಿರಬಹುದು? ಈಗಲೂ ಅಷ್ಟೇ.

ಗುಂಪು ಗಟ್ಟಿಯಾದದ್ದು ಒಬ್ಬ ಹಿರಿಯ ಸರ್ ಬಾಯಿಬಿಟ್ಟ ದಿನ. ನಿವೃತ್ತಿಗೆ ನಾಲ್ಕೈದು ವರ್ಷ ಇದ್ದವರು, ಟಿಸಿಎಚ್ (ಆಗಿನ ಶಿಕ್ಷಕರ ತರಬೇತಿ ಕೋರ್ಸು) ಮಾಡಿ ತೊಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದವರು. ನಾಲ್ಕು ಸಭೆ ಸುಮ್ಮನೆ ಕೂತಿದ್ದರು. ಐದನೇ ಸಲ ತಲೆ ತಗ್ಗಿಸಿ ಹೇಳಿದರು, "ನಾನು ನೌಕರಿಗೆ ಬಂದಾಗ ಇಂಗ್ಲಿಷ್ ಐದನೇತ್ತಿಗೆ ಇತ್ರಿ. 2007ರಾಗ ಒಂದನೇತ್ತಿಗೇ ಬಂತು. ನನಗ ಅದನ್ನ ಮಾತಾಡಿಸಿ ಕಲಿಸೋದು ಬರಂಗಿಲ್ಲ. ಎಬಿಸಿಡಿ ಬರೆಸಿ ಬರೆಸಿ ಇಷ್ಟು ವರ್ಷ ಕಳೆದೆ." ಯಾರೂ ಒಂದು ಮಾತು ಆಡಲಿಲ್ಲ. ಆಮೇಲೆ ಹೊಸದಾಗಿ ಸೇರಿದ್ದ ಚಿಕ್ಕ ವಯಸ್ಸಿನ ಟೀಚರ್ ಒಬ್ಬರು, "ಸರ್, ನನಗೆ ನಲಿ-ಕಲಿ ತರಗತೀಲಿ ಮೂರು ವರ್ಗದ ಮಕ್ಕಳನ್ನ ಒಟ್ಟಿಗೆ ನಡೆಸೋಕೆ ಆಗ್ತಿಲ್ಲ, ನೀವು ಅದನ್ನ ಹೇಳಿಕೊಡಿ, ನಾನು ಇದನ್ನ ಹೇಳ್ತೀನಿ" ಅಂದರು. ಅವತ್ತಿನಿಂದ ಅವರಿಬ್ಬರೂ ಪ್ರತಿ ಸಲ ಅರ್ಧ ತಾಸು ಮೊದಲೇ ಬರುತ್ತಾರೆ. ಸರ್ ಈಗ ಮಕ್ಕಳಿಗೆ ಇಂಗ್ಲಿಷಿನಲ್ಲಿ "ಬಾಗಿಲು ತೆರಿ, ನೀರು ಕುಡಿ" ಅಂತೆಲ್ಲ ಹೇಳಿ ಮಾಡಿಸುವ ಆಟ ಆಡಿಸುತ್ತಾರೆ.

ನಲಿ-ಕಲಿ ಅಂದಾಗ ನೆನಪಾಯಿತು. ಅದನ್ನು ಮೇಲಿನಿಂದ ಬಂದ ಯೋಜನೆ ಅಂತಲೇ ತುಂಬಾ ಜನ ತಿಳಿದಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ನಮ್ಮ ಮಕ್ಕಳಿಗೆ ಹೊಂದುವ ಕಾರ್ಡು, ಹಾಡು, ಆಟ ಮಾಡಿದ್ದರು. ರಾಜ್ಯಕ್ಕೆಲ್ಲ ಹರಡಿದ್ದು 2009-10ರ ಹೊತ್ತಿಗೆ. ನಮ್ಮಂಥ ಶಿಕ್ಷಕರೇ ಗುಂಪಾಗಿ ಕೂತು ಕಟ್ಟಿದ್ದು ಅದು. ಇದನ್ನು ನಮ್ಮ ಗುಂಪಿನಲ್ಲಿ ಹೇಳಿದಾಗ ಎಷ್ಟೋ ಜನರ ಮುಖ ಅರಳಿತು.

ಎರಡನೇ ವರ್ಷ ಒಬ್ಬರ ತರಗತಿ ಇನ್ನೊಬ್ಬರು ನೋಡೋದು ಶುರು ಮಾಡಿದೆವು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಇದು ನೂರು ವರ್ಷಕ್ಕೂ ಹಳೆಯ ರೂಢಿ, ಜುಗ್ಯೋ ಕೆಂಕ್ಯೂ ಅಂತಾರೆ, ಅಂದರೆ ಪಾಠವನ್ನೇ ಕೂತು ಅಧ್ಯಯನ ಮಾಡೋದು. ಎಲ್ಲರೂ ಹೆದರಿದರು. ನಮಗೆ ತರಗತಿಗೆ ಬೇರೆಯವರು ಬರೋದು ಅಂದರೆ ತಪಾಸಣೆ ಅಂತಲೇ ಅಭ್ಯಾಸ. ಹಾಗಾಗಿ ಮೊದಲೇ ಒಪ್ಪಂದ ಮಾಡಿಕೊಂಡೆವು: ಯಾರೂ ಶಿಕ್ಷಕರನ್ನು ನೋಡಬಾರದು. ಒಬ್ಬೊಬ್ಬರು ಇಬ್ಬರು ಮಕ್ಕಳ ಪಕ್ಕ ಕೂರಬೇಕು, ಆ ಮಕ್ಕಳು ಏನು ಮಾಡಿದರು, ಏನು ಅಂದರು, ಅಷ್ಟನ್ನೇ ಬರೆದುಕೊಳ್ಳಬೇಕು. ಪಾಲಕರಿಗೆ ಹೇಳಿ, ಶನಿವಾರ ನಾಲ್ಕನೇ ತರಗತಿಯನ್ನು ಅರ್ಧ ತಾಸು ಹೆಚ್ಚಿಗೆ ಉಳಿಸಿಕೊಂಡೆವು.

ಮೊದಲ ಪಾಠ ನನ್ನದೇ. ಅಳತೆ. ಬೋರ್ಡಿನ ಮೇಲೆ ಚೆನ್ನಾಗಿ ತೋರಿಸಿದೆ, ಸ್ಕೇಲು ಹೀಗೆ ಇಡಬೇಕು, ಹೀಗೆ ಓದಬೇಕು ಅಂತ. ಎಲ್ಲರೂ ಹೂಂ ಅಂದರು. ಪಾಠ ಚೆನ್ನಾಗಿ ಆಯಿತು ಅಂತಲೇ ನನ್ನ ಲೆಕ್ಕ. ಆಮೇಲೆ ಕೂತಾಗ ಕಿಟಕಿ ಪಕ್ಕದ ಹುಡುಗಿಯ ಬಳಿ ಕೂತಿದ್ದ ಟೀಚರ್ ಹೇಳಿದರು, ಅವಳು ಪೆನ್ಸಿಲಿನ ತುದಿಯನ್ನು ಸೊನ್ನೆಗೆ ಇಡಲಿಲ್ಲ, ಒಂದಕ್ಕೆ ಇಟ್ಟಳು. ಎಣಿಸೋದು ಒಂದರಿಂದ ಅಲ್ವಾ, ಅಳೆಯೋದೂ ಒಂದರಿಂದ. ಎಲ್ಲ ಉತ್ತರವೂ ಒಂದು ಸೆಂಟಿಮೀಟರ್ ಜಾಸ್ತಿ. ಇನ್ನೂ ಮೂರು ಮಕ್ಕಳು ಹಾಗೇ ಮಾಡಿದ್ದರು. ಬೋರ್ಡಿನ ಮುಂದೆ ನಿಂತ ನನಗೆ ಅದು ಕಾಣುವ ಹಾಗೇ ಇರಲಿಲ್ಲ. ಬೇಸರ ಆಗಲಿಲ್ಲ, ಯಾಕೆಂದರೆ ಮಾತೆಲ್ಲ ಆ ಹುಡುಗಿಯ ಬಗ್ಗೆ ಇತ್ತು. ಮುಂದಿನ ವಾರ ನಾನು ತುದಿ ಮುರಿದ ಸ್ಕೇಲುಗಳನ್ನು ಕೊಟ್ಟೆ, ಮೂರರಿಂದ ಶುರುವಾಗುವಂಥವು. ಎಲ್ಲಿಂದ ಎಲ್ಲಿಗೆ ಅಂತ ನೋಡದೆ ಬೇರೆ ದಾರಿಯೇ ಇರಲಿಲ್ಲ ಅವರಿಗೆ.

ತಾಂಡಾ ಶಾಲೆಯ ಸರ್ ಒಂದು ಪಟ್ಟಿ ಮಾಡಿ ಎಲ್ಲರಿಗೂ ಕೊಟ್ಟರು. ಲಂಬಾಣಿಯಲ್ಲಿ ಅವ್ವನಿಗೆ ಯಾಡಿ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ, ಹೀಗೆ ಒಂದನೇ ತರಗತಿಗೆ ಬೇಕಾಗುವ ಮಾತುಗಳು. ನಮ್ಮ ಶಾಲೆಗೆ ತಾಂಡಾದಿಂದ ಬರುವ ಮಗುವೊಂದು ಎರಡು ತಿಂಗಳು ಬಾಯಿ ತೆರೆದಿರಲಿಲ್ಲ. ಆ ಪಟ್ಟಿ ಇಟ್ಟುಕೊಂಡು "ಬಾಟಿ ತಿಂದೆಯಾ" ಅಂತ ಕೇಳಿದ ದಿನ ಅವಳು ನಕ್ಕಳು.

ಕಷ್ಟಗಳೂ ಇವೆ. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಮಕ್ಕಳೇ ಹೊಲಕ್ಕೆ ಹೋಗಿರುತ್ತಾರೆ, ನೋಟ್‌ಬುಕ್ ಖಾಲಿ. ಚುನಾವಣೆ ಕೆಲಸ ಬಂದರೆ ಎರಡು ತಿಂಗಳು ಯಾರೂ ಸೇರಲ್ಲ. ವರ್ಗಾವಣೆ ಕೌನ್ಸೆಲಿಂಗ್ ಆದ ವರ್ಷ ಒಟ್ಟಿಗೆ ನಾಲ್ಕು ಜನ ಹೋದರು, ಅದರಲ್ಲಿ ಆ ಮೊದಲ ನೋಟ್‌ಬುಕ್ಕಿನ ಅಕ್ಕೋರೂ ಒಬ್ಬರು. ಆ ತಿಂಗಳು ಸಭೆಗೆ ಐದೇ ಜನ. ಇಲ್ಲಿಗೆ ಮುಗೀತು ಅಂದುಕೊಂಡೆ. ದೀಪಾವಳಿ ರಜೆ ಕಳೆದ ಮೇಲೆ ಅವರು ಫೋನ್ ಮಾಡಿದರು. ಹೊಸ ಊರಲ್ಲಿ ಮೂರು ಜನ ಸೇರಿದ್ದಾರಂತೆ, ಶನಿವಾರವೇ. "ಮೊದಲ ದಿನ 402ರ ಲೆಕ್ಕ ಕೊಟ್ಟೆ ನೋಡ್ರಿ, ಇಲ್ಲಿಯ ಮಕ್ಕಳೂ 355 ಬರೆದಾರ."

ಈ ವಾರ ನಮ್ಮ ಗುಂಪಿಗೆ ಬಂದಿರುವ ಫೋಟೋದಲ್ಲಿ ಅರ್ಧಕ್ಕೆ ಮೂರರಲ್ಲೊಂದು ಕೂಡಿಸಿ ಐದರಲ್ಲೆರಡು ಅಂತ ಬರೆದಿದೆ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದಾನೆ. ಐದರಲ್ಲೆರಡು ಅಂದರೆ ಅರ್ಧಕ್ಕಿಂತ ಕಡಿಮೆ, ಕೂಡಿಸಿದ ಮೇಲೆ ಕಡಿಮೆ ಹೇಗಾಯಿತು ಅಂತ ಆ ಹುಡುಗನನ್ನೇ ಕೇಳಬೇಕು. ಅಂಗನವಾಡಿ ಪಕ್ಕದ ಶಾಲೆಯ ಅಕ್ಕೋರು ಶನಿವಾರ ಆರು ಜೋಳದ ರೊಟ್ಟಿ ತರುತ್ತೇನೆ ಅಂದಿದ್ದಾರೆ, ಹರಿದು ನೋಡೋಕೆ.