ಗಾಳಿ ಯಾವ ಕಡೆಯದ್ದು ನೋಡಿ, ಆಮೇಲೆ ಹಪ್ಪಳ ಹರವಿ

ಬೆಂಗಳೂರಿನಿಂದ ಬಂದು ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ ಹುಡುಗಿ ಜುಲೈಯ ಒಂದು ಬೆಳಿಗ್ಗೆ ಗಂಡನ ಬೆಲ್ಟು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಕಪ್ಪು ಚರ್ಮದ ಬೆಲ್ಟು, ಮೈತುಂಬ ಬೂದಿ ಬಳಿದ ಹಾಗೆ ಬೆಳ್ಳಗೆ. "ಆಂಟಿ, ಇದೇನಿದು?" ಅಂದಳು. ಬೂಸ್ಟು ಮಾರಾಯ್ತಿ, ಮಂಗಳೂರಿನಲ್ಲಿ ಆಟಿ ಅನ್ನುವ ಈ ತುಳು ಮಳೆ ತಿಂಗಳಲ್ಲಿ ಬೂಸ್ಟು ಮನುಷ್ಯರಿಗೆ ಮಾತ್ರ ಹಿಡಿಯುವುದಿಲ್ಲ ಅಂದೆ. ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಇಲ್ಲಿ 3,500ಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಬೆಲ್ಟು ಏನು ಮಾಡೀತು?

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕರಾವಳಿಯಲ್ಲಿ ಮನೆ ನಡೆಸುವವರು ಬಿಸಿಲು ನೋಡಿದರೆ ಸಾಲದು, ಗಾಳಿ ನೋಡಬೇಕು. ಬೆಳಿಗ್ಗೆ ದೇವರಿಗೆ ಹಚ್ಚಿದ ಊದುಬತ್ತಿಯನ್ನು ಒಂದು ನಿಮಿಷ ಕಿಟಕಿಯ ಹತ್ತಿರ ಹಿಡಿಯಿರಿ. ದೀಪಾವಳಿ ಕಳೆದು ಚಳಿಗಾಲ ಹಿಡಿದ ಮೇಲೆ ಹೊಗೆ ಪಡುವಣಕ್ಕೆ ಬಾಗುತ್ತದೆ. ಅದು ಘಟ್ಟದ ಕಡೆಯಿಂದ ಇಳಿದು ಬರುವ ಗಾಳಿ, ಒಣ ಗಾಳಿ. ತುಟಿ ಒಡೆಯುವುದು ಅದಕ್ಕೇ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಿನ ಗಾಳಿ ತಿರುಗಿ ಬೀಸುತ್ತದೆ, ಒದ್ದೆ ಗಾಳಿ, ಉಪ್ಪು ಗಾಳಿ.

ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಏನು ಒಣಗಿಸುವುದಿದ್ದರೂ ಬೆಳಿಗ್ಗೆ ಬೇಗ ಹರವಿ, ಕಡಲಗಾಳಿ ಏಳುವ ಮೊದಲು ತೆಗೆದುಬಿಡಿ. ಸಂಜೆವರೆಗೆ ಬಿಟ್ಟರೆ ಗರಿಗರಿಯಾದ ಮೆಣಸು ಮತ್ತೆ ಮೆತ್ತಗಾಗುತ್ತದೆ. ರೇಷ್ಮೆ ಸೀರೆಗೆ ಗಾಳಿ ಆಡಿಸುವುದಕ್ಕೂ ಇದೇ ಕಾಲ. ಬಿಸಿಲಿಗಲ್ಲ, ಮೂಡು ಕಡೆಯ ನೆರಳಿಗೆ. ಮಡಿಕೆ ಬದಲಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆಯನ್ನು ಜರಿಗೆ ತಾಗಿಸಬೇಡಿ, ಜರಿ ಕಪ್ಪಾಗುತ್ತದೆ.

ಫೆಬ್ರವರಿ ಕೊನೆ, ಮಾರ್ಚಿನಲ್ಲಿ ಕೆಲವು ದಿನ ಕಡಲಗಾಳಿ ಏಳುವುದೇ ತಡ. ಘಟ್ಟದ ಒಣಗಾಳಿಯೇ ಮಧ್ಯಾಹ್ನದವರೆಗೆ ನಿಂತು ಊರು ಬೇಯುತ್ತದೆ. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿದರೇ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕ ಶುರುಮಾಡುತ್ತದೆ. ಅಂಥ ದಿನ ಒಂಬತ್ತು ಗಂಟೆಗೇ ಮೂಡು ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಹೊಗೆ ತಿರುಗಿದ ಮೇಲೆ ಪಡು ಕಿಟಕಿ ತೆರೆಯಿರಿ. ಎಸಿಗೆ ಮೊದಲು ಇದನ್ನು ಮಾಡಿ ನೋಡಿ.

ಏಪ್ರಿಲ್, ಮೇ ತಿಂಗಳು ಹಲಸಿನ ಹಪ್ಪಳದ್ದು, ಮೋಸದ್ದು ಕೂಡ. ಮದುವೆಯಾದ ಹೊಸದರಲ್ಲಿ ಒಮ್ಮೆ ಅಂಗಳದ ತುಂಬ ಸಂಡಿಗೆ ಇಟ್ಟು, ಕಡಲಿನ ಕಡೆ ಶುಭ್ರವಾಗಿದೆಯೆಂದು ಒಳಗೆ ಮಲಗಿದೆ. ಗುಡುಗಿಗೆ ಎಚ್ಚರವಾಗಿ ಓಡುವಷ್ಟರಲ್ಲಿ ಚಾಪೆಯ ಮೇಲೆ ಗಂಜಿ! ಅತ್ತೆ ಬೈಯಲಿಲ್ಲ. "ಈಗಿನ ಮಳೆ ಘಟ್ಟದಿಂದ ಬರ್ತದೆ, ಬೆನ್ನು ಹಾಕಿ ಕೂತರೆ ಕಾಣ್ತದಾ?" ಅಂದರು ಅಷ್ಟೆ. ಮೇ ತಿಂಗಳಲ್ಲಿ ಮೂಡು ನೋಡಬೇಕು, ಜೂನ್ ಬಂದ ಮೇಲೆ ಪಡು. ಅಕ್ಟೋಬರಿನ ಗುಡುಗು ಮಳೆಗೆ ಮತ್ತೆ ಮೂಡು. ಆಗ ಸಿಡಿಲು ಜಾಸ್ತಿ, ಟಿವಿ, ಮೋಡೆಮ್ ಪ್ಲಗ್ಗು ಕೀಳುವುದು ಮರೆಯಬೇಡಿ.

ಮೇ 24, 25ರ ಹೊತ್ತಿಗೆ ಪತ್ತನಾಜೆ, ತುಳುನಾಡಿನಲ್ಲಿ ಆಟ, ನೇಮಗಳ ಋತು ಮುಗಿಯುವ ದಿನ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನಾವೂ ಒಣಗಿಸುವ ಕೆಲಸ ಮುಗಿಸಬೇಕು. ಬೇಳೆ, ರವೆ ಸ್ವಲ್ಪ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಕಲ್ಲುಪ್ಪು ಭರಣಿಗೆ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ತಿನ್ನುವವರು ಒಣಮೀನು ಈಗಲೇ ಕಟ್ಟಿಡಬೇಕು. ಹಿಂದೆ ಚಾವಡಿಯ ಪಡು ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಫ್ಲ್ಯಾಟಿನಲ್ಲಿ ತಟ್ಟಿ ಎಲ್ಲಿಂದ? ಪಡು ಗೋಡೆಗೆ ಒರಗಿದ ಕಪಾಟನ್ನಾದರೂ ಒಂದು ಗೇಣು ಮುಂದೆ ಎಳೆದಿಡಿ.

ಮಳೆ ಹಿಡಿದ ಮೇಲೆ ಎಲ್ಲ ಕಿಟಕಿ ಮುಚ್ಚಿ ಕೂರುವುದು ಹೊಸಬರು ಮಾಡುವ ದೊಡ್ಡ ತಪ್ಪು. ಎರಚಲು ಹೊಡೆಯುವುದು ಪಡುವಣದಿಂದ. ಮೂಡು ಕಿಟಕಿಗೇನು ಕೇಡು? ಅದು ಹಗಲಿಡೀ ತೆರೆದಿರಲಿ, ಬಟ್ಟೆಯ ಹಗ್ಗವೂ ಅಲ್ಲಿಗೇ ಬರಲಿ, ಫ್ಯಾನು ತಿರುಗಲಿ. ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿ ಬಟ್ಟೆ ಒಣಗಿಸಿದರೆ ಆ ನೀರೆಲ್ಲ ಕಪಾಟಿನ ಒಳಗೆ ಹೋಗುತ್ತದೆ. ಆ ಹುಡುಗಿಯ ಬೆಲ್ಟಿಗೆ ಆದದ್ದೂ ಅದೇ. ಒಣ ಬಟ್ಟೆಯಲ್ಲಿ ಒರೆಸಿ, ತುಸು ತೆಂಗಿನೆಣ್ಣೆ ಸವರಿ ಮೂಡು ಬಾಲ್ಕನಿಯ ಮೊಳೆಗೆ ನೇತುಹಾಕು ಅಂದೆ. ಬೆಲ್ಟು ಉಳಿಯಿತು. ಶೂ ಬಗ್ಗೆ ಹೇಳಲು ನನಗೆ ಮರೆತುಹೋಗಿತ್ತು, ಮರುವಾರ ಅದನ್ನೂ ಹಿಡಿದುಕೊಂಡು ಬಂದಳು.