ಎದೆ ಮಧ್ಯೆ ಇರೋ ಗುಂಡಿ ತುಂಬ್ಸಕ್ಕೆ ಅಳತೆ ಕೊಟ್ಟು ಸಿಲಿಕಾನ್ ಹಾಕ್ಸೋರಿಗೆ, ಹಾಸನದಿಂದ

ನನ್ನ ತಮ್ಮನಿಗೆ ಚಿಕ್ಕೋನಿದ್ದಾಗಿಂದ ಎದೆ ಮಧ್ಯೆ ಗುಂಡಿ. ದೀಪಾವಳಿಲಿ ಎಣ್ಣೆ ಹಚ್ಚೋವಾಗ ಎಣ್ಣೆ ಅಲ್ಲೇ ನಿಂತ್ಬಿಡೋದು, ನಿಂಗೆ ಬಟ್ಟಲೇ ಬೇಡ ಕಣೋ ಅಂತ ಅಜ್ಜಿ ನಗೋರು, ಅವ್ನೂ ನಗ್ತಿದ್ದ, ಹೈಸ್ಕೂಲಿಗೆ ಬಂದ್ಮೇಲೆ ನಗೋದು ನಿಲ್ಸ್ದ. ಗೊರೂರಲ್ಲಿ ಹೊಳೆಗಿಳಿದ್ರೂ ಬನಿಯನ್ ಬಿಚ್ತಿರ್ಲಿಲ್ಲ. ಈಗ ಆಪರೇಷನ್ ಮಾಡಿ ಗುಂಡಿ ತುಂಬೋಹಂಗೆ ಸಿಲಿಕಾನ್ ತುಂಡು ಕೂರ್ಸಿದಾರೆ, ಊರಲ್ಲಿ ಇನ್ನಿಬ್ರು ಕೇಳಿದ್ರು, ಅದಕ್ಕೆ ಬರೀತಿದೀನಿ.

ಡಾಕ್ಟ್ರು ಇದಕ್ಕೆ ಪೆಕ್ಟಸ್ ಎಕ್ಸ್‌ಕವೇಟಮ್ ಅಂತಾರೆ. ಪಕ್ಕೆಲುಬನ್ನ ಎದೆಮೂಳೆಗೆ ಸೇರ್ಸೋ ಕಾರ್ಟಿಲೇಜ್ ಸರಿಯಾಗಿ ಬೆಳೀದೆ ಮೂಳೆ ಒಳಕ್ಕೆ ಕೂತಿರತ್ತೆ, ಹುಡುಗ್ರಲ್ಲೇ ಜಾಸ್ತಿ, ಎತ್ತರ ಬೆಳೆಯೋ ವಯಸ್ಸಲ್ಲಿ ಗುಂಡಿನೂ ಆಳ ಆಗತ್ತೆ. ಬಸುರಿಲಿ ಗ್ರಹಣ ನೋಡಿದ್ಲು ಅಂತ ಅಮ್ಮನ್ನ ಅಂದೋರೂ ಇದಾರೆ, ಅಂಥೋರ ಮಾತಿಗೆ ಕಿವಿ ಕೊಡ್ಬೇಡಿ.

ಮೊದ್ಲು ಪ್ಲಾಸ್ಟಿಕ್ ಸರ್ಜನ್ ಹತ್ರ ಓಡ್ಬೇಡಿ. ಒಳಗೆ ಹಾರ್ಟ್ ಒತ್ತಿದ್ಯಾ ನೋಡ್ಸಿ. ಸಿಟಿ ಸ್ಕ್ಯಾನಲ್ಲಿ ಹಾಲರ್ ಇಂಡೆಕ್ಸ್ ಅಂತ ಒಂದು ಲೆಕ್ಕ, ಎದೆಗೂಡಿನ ಒಳಗಿನ ಅಗಲನ ಎದೆಮೂಳೆಯಿಂದ ಬೆನ್ನುಮೂಳೆವರೆಗಿನ ಅಂತರದಿಂದ ಭಾಗ್ಸೋದು, ಮಾಮೂಲಿ 2.5ರ ಹತ್ರ ಇರತ್ತೆ, 3.25 ದಾಟಿದ್ರೆ ಜಾಸ್ತಿನೇ ಅಂತ. ಜೊತೆಗೆ ಎಕೋ ಅಂತ ಹಾರ್ಟಿನ ಸ್ಕ್ಯಾನ್, ಉಸಿರಿನ ಟೆಸ್ಟ್. ಹುಡ್ಗ ಉದ್ದ ಸಣಕಲು, ಬೆರಳೂ ಉದ್ದ ಇದ್ರೆ ಮಾರ್ಫನ್ ಅನ್ನೋ ಹುಟ್ಟಿನಿಂದ ಬರೋ ಕಾಯಿಲೆ ಇದ್ಯಾ ಅಂತನೂ ಕೇಳಿ. ಶ್ರವಣಬೆಳಗೊಳದ ಬೆಟ್ಟ ಹತ್ತೋವಾಗ ಜೊತೆಯೋರಿಗಿಂತ ಮೊದ್ಲೇ ಏದುಸಿರು ಬರತ್ತೆ ಅನ್ನೋನಿಗೆ ಸಿಲಿಕಾನ್ ಹಾಕಿ ಏನೂ ಉಪಯೋಗ ಇಲ್ಲ. ಅದು ರೋಡ್ ಗುಂಡಿಗೆ ಪ್ಯಾಚ್ ಹಾಕ್ದಂಗೆ, ಮೇಲೆ ಸಮ ಆಗತ್ತೆ, ಕೆಳಗೆ ಒತ್ತಿರೋ ಪೈಪು ಹಂಗೇ ಇರತ್ತೆ. ಅಂಥೋರಿಗೆ ನಸ್ ಆಪರೇಷನ್, ಎದೆಮೂಳೆ ಹಿಂದೆ ಬಗ್ಸಿದ ಸ್ಟೀಲ್ ಪಟ್ಟಿ ತೂರ್ಸಿ ಮೂಳೆನೇ ಮೇಲೆತ್ತಿ, ಎರಡು ಮೂರು ವರ್ಷ ಬಿಟ್ಟು ಪಟ್ಟಿ ತೆಗೀತಾರೆ.

ನಮ್ಮೋನಿಗೆ ಬರೀ ನೋಟದ ತೊಂದ್ರೆ ಅಂತ ಗ್ಯಾರಂಟಿ ಆಯ್ತು, ಬೆಳವಣಿಗೆನೂ ಮುಗಿದಿತ್ತು, ಆಗ್ಲೇ ಇಂಪ್ಲಾಂಟ್, ಅಂದ್ರೆ ಒಳಗೆ ಕೂರ್ಸೋ ಸಿಲಿಕಾನ್ ತುಂಡಿನ ಮಾತು. ಇಲ್ಲೊಂದು ಎಡವಟ್ಟು ಹೇಳ್ತೀನಿ. ಸಿಟಿ ಮಾಡ್ಸಿದ ಕಡೆ ಬರೀ ಫಿಲ್ಮ್ ಕೊಟ್ರು, ನಾವೂ ತಗೊಂಡು ಬಂದ್ವಿ, ಬೆಂಗ್ಳೂರಲ್ಲಿ ಸರ್ಜನ್ ಇದ್ರಲ್ಲಿ ಡಿಸೈನ್ ಮಾಡಕ್ಕಾಗಲ್ಲ ಅಂದ್ರು, ಇನ್ನೊಂದ್ಸಲ ಸ್ಕ್ಯಾನ್, ಇನ್ನೊಂದ್ಸಲ ದುಡ್ಡು. ತೆಳು ಸ್ಲೈಸ್ ತೆಗೀರಿ, ಡೈಕಾಮ್ ಅನ್ನೋ ಸ್ಕ್ಯಾನಿನ ಕಂಪ್ಯೂಟರ್ ಫೈಲ್ ಸಿಡಿಲಿ ಕೊಡಿ ಅಂತ ಮೊದ್ಲೇ ಹೇಳಿ. ಆ ಫೈಲಿಂದ ಕಂಪ್ಯೂಟರಲ್ಲಿ ಎದೆ 3ಡಿ ಮಾಡಿ ಗುಂಡಿಗೆ ಸರಿಯಾಗಿ ಕೂರೋ ಆಕಾರ ಬರೀತಾರೆ, ಗಟ್ಟಿ ಸಿಲಿಕಾನ್ ರಬ್ಬರಲ್ಲಿ ಮಾಡಿಸ್ತಾರೆ. ಒಳಗೆ ಜೆಲ್ ಇಲ್ದೇ ಇರೋದ್ರಿಂದ ಸೋರೋ ಮಾತಿಲ್ಲ. ಡಿಸೈನ್ ಫೋಟೋ ಕೇಳಿ ನೋಡಿ, ಅಂಚು ತೆಳ್ಳಗೆ ಇಳಿದಿರ್ಬೇಕು, ದಪ್ಪ ಇದ್ರೆ ಚರ್ಮದ ಮೇಲೆ ಗೆರೆ ಕಾಣತ್ತೆ.

ಆಪರೇಷನ್ ಪೂರ್ತಿ ಮಂಪರಲ್ಲಿ, ಎದೆ ಮಧ್ಯೆ ಚಿಕ್ಕ ಗಾಯ, ಎದೆ ಮಾಂಸಖಂಡದ ಕೆಳಗೆ ಮೂಳೆ ಮೇಲೆ ಕೂರಿಸ್ತಾರೆ. ಇದು ಬೇಗ ಮುಗಿಯತ್ತೆ, ತಾಪತ್ರಯ ಆಮೇಲೆ. ಸೆರೋಮಾ ಅಂತ ಇಂಪ್ಲಾಂಟ್ ಸುತ್ತ ನೀರು ತುಂಬ್ಕೊಳ್ಳತ್ತೆ, ತುಂಬಾ ಜನಕ್ಕೆ ಆಗತ್ತೆ, ಸೂಜಿ ಹಾಕಿ ತೆಗೀತಾರೆ, ಒಂದ್ಸಲಕ್ಕೇ ನಿಲ್ದೇ ಇರ್ಬೋದು, ಅದಕ್ಕೇ ಹಾಸನ ಬೆಂಗ್ಳೂರು ಓಡಾಟ ನಾಕೈದು ಸಲ ಅಂತ ಇಟ್ಕೊಳ್ಳಿ. ಊರಲ್ಲೇ ಯಾರ ಹತ್ರನಾದ್ರೂ ತೆಗ್ಸೋಣ ಅನ್ಬೇಡಿ, ಇಂಪ್ಲಾಂಟ್ ಪಕ್ಕ ಸೂಜಿ ಹಾಕೋದು ಆಪರೇಷನ್ ಮಾಡಿದೋರ ಕೆಲ್ಸ. ಕೆಂಪಾಗಿ ಜ್ವರ ಬಂದ್ರೆ ಅವತ್ತೇ ಫೋನ್ ಮಾಡಿ, ಇನ್‌ಫೆಕ್ಷನ್ ಜೋರಾದ್ರೆ ಹಾಕಿದ್ನೇ ತೆಗೀಬೇಕಾಗತ್ತೆ. ಬಿಗಿ ಬನಿಯನ್ ಕೊಡ್ತಾರೆ, ಒಂದು ತಿಂಗಳು ಹಗಲು ರಾತ್ರಿ. ಕಾಫಿ ಮೂಟೆ ಎತ್ತೋದು, ಜಿಮ್ಮು, ಕಬಡ್ಡಿ ಮೂರು ತಿಂಗಳು ಇಲ್ಲ.

ಇನ್ಶೂರೆನ್ಸಲ್ಲಿ ಅಂದಕ್ಕೆ ಮಾಡ್ಸೋದು ಅಂತ ತಳ್ಳಾಕ್ತಾರೆ, ಮೊದ್ಲೇ ಬರವಣಿಗೆಲಿ ಕೇಳಿ. ಇಂಪ್ಲಾಂಟ್ ಸ್ಟಿಕ್ಕರು, ಡಿಸ್ಚಾರ್ಜ್ ಶೀಟು ಎರಡರದ್ದೂ ಫೋಟೋ ಫೋನಲ್ಲಿ ಇಟ್ಕೊಳ್ಳಿ, ನಾಳೆ ಕೆಮ್ಮು ಅಂತ ಇಲ್ಲೇ ಸ್ಕ್ಯಾನ್ ಮಾಡ್ಸಿದಾಗ ಎದೇಲಿ ಇದೇನಿದು ಅಂತ ಡಾಕ್ಟ್ರು ಕೇಳಿದ್ರೆ ತೋರ್ಸಕ್ಕೆ.