ಶಾಲೆ ಬಿಟ್ಟ ಮೇಲಿನ ಹಸಿವು: ಹಳ್ಳಿಯ ಮಕ್ಕಳಿಗೆ ಒಳ್ಳೆಯ ಊಟದ ರೂಢಿ ಕಲಿಸುವ ಬಗೆ

ಮಧ್ಯಾಹ್ನದ ಬಿಸಿಯೂಟಕ್ಕೂ ರಾತ್ರಿಯ ಮುದ್ದೆಗೂ ನಡುವೆ ಆರೇಳು ಗಂಟೆಗಳ ಅಂತರವಿರುತ್ತದೆ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಈ ಅಂತರವನ್ನು ಹೆಚ್ಚಾಗಿ ತುಂಬುವುದು ಅಂಗಡಿಯ ಮುಂದೆ ತೂಗುಹಾಕಿರುವ ಐದು ರೂಪಾಯಿಯ ಪ್ಯಾಕೆಟ್ಟು. ಸಕಲೇಶಪುರದ ಕಡೆಯ ಕಾಫಿ ತೋಟಗಳ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಲ್ಲಾದರೆ ಸಿಹಿಯಾದ ಟೀ ಮತ್ತು ಬನ್ನು. ಆದುದರಿಂದ ಮಕ್ಕಳಿಗೆ ಆಹಾರದ ತಿಳಿವಳಿಕೆ ಕೊಡಲು ಹೊರಡುವ ಯುವಕ ಸಂಘವಾಗಲಿ, ಸ್ತ್ರೀಶಕ್ತಿ ಗುಂಪಾಗಲಿ ಮೊದಲು ಹಿಡಿಯಬೇಕಾದದ್ದು ಈ ಹೊತ್ತನ್ನೇ. ಹಸಿದ ಮಗುವಿನ ಮುಂದೆ ಜೀವಸತ್ವಗಳ ಪಟ್ಟಿ ಓದುವುದರಿಂದ ಪ್ರಯೋಜನವಿಲ್ಲ. ಮೊದಲು ತಿಂಡಿ, ಆಮೇಲೆ ಮಾತು.

ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಸಮುದಾಯ ಭವನ, ಶಾಲೆಯ ಜಗುಲಿ, ಇವುಗಳಲ್ಲಿ ನೀರು ಮತ್ತು ಕೈತೊಳೆಯುವ ಸೋಪಿಗೆ ಅನುಕೂಲವಿರುವ ಯಾವುದಾದರೂ ಆದೀತು. ವಾರಕ್ಕೆ ಎರಡು ದಿನ, ದಿನಕ್ಕೊಂದು ಗಂಟೆ, ಇಪ್ಪತ್ತು ಮಕ್ಕಳು ಎಂದು ಮಿತಿ ಹಾಕಿಕೊಂಡರೆ ನಡೆಸುವವರು ದಣಿಯುವುದಿಲ್ಲ. ಕಡಲೆಕಾಯಿ, ಹಾಲು, ಮೊಟ್ಟೆ ಯಾವ ಮಗುವಿಗೆ ಒಗ್ಗುವುದಿಲ್ಲ, ಯಾವ ಮನೆಯಲ್ಲಿ ಯಾವುದನ್ನು ತಿನ್ನುವುದಿಲ್ಲ ಎಂಬುದನ್ನು ಆರಂಭದಲ್ಲಿಯೇ ಪೋಷಕರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು.

ತಿಂಡಿಯನ್ನು ದೊಡ್ಡವರು ಮಾಡಿ ಬಡಿಸದೆ ಮಕ್ಕಳ ಕೈಯಲ್ಲೇ ಮಾಡಿಸುವುದು ಇಡೀ ಕಾರ್ಯಕ್ರಮದ ಜೀವಾಳ. ತಾನೇ ತುರಿದ ಕ್ಯಾರೆಟ್ಟನ್ನು ಮಗು ಬೇಡವೆನ್ನುವುದು ಅಪರೂಪ. ಮೊಳಕೆ ಹೆಸರುಕಾಳಿನಿಂದ ಆರಂಭಿಸಬಹುದು. ಇಪ್ಪತ್ತು ಮಕ್ಕಳಿಗೆ ಅರ್ಧ ಕಿಲೋ ಕಾಳು ಸಾಕು. ಎಂಟು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೇಸಿಗೆಯಲ್ಲಿ ಮರುದಿನಕ್ಕೆ ಮೊಳಕೆ ಬರುತ್ತದೆ. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಇನ್ನೂ ಅರ್ಧ ದಿನ ಹೆಚ್ಚು ಹಿಡಿಯುತ್ತದೆ. ಲೋಳೆಯಾಗಿದ್ದರೆ ಅಥವಾ ಹುಳಿ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಬೇಕು. ಹಸಿ ಮೊಳಕೆಯಲ್ಲಿ ರೋಗಾಣುಗಳು ಬೆಳೆಯುವ ಸಂಭವ ಇರುವುದರಿಂದ ಹಬೆಯಲ್ಲಿ ಚೆನ್ನಾಗಿ ಬೇಯಿಸಿ, ತೆಂಗಿನತುರಿ, ಕೊತ್ತಂಬರಿ, ನಿಂಬೆರಸ ಬೆರೆಸಿ ಕೊಡುವುದು ಕ್ಷೇಮ. ನಿಂಬೆರಸ ರುಚಿಗಷ್ಟೇ ಅಲ್ಲ. ಅದರಲ್ಲಿರುವ ಸಿ ಜೀವಸತ್ವ ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಟೀಯಲ್ಲಿರುವ ಒಗರು ಅಂಶ ಇದಕ್ಕೆ ತದ್ವಿರುದ್ಧವಾಗಿ ಅಡ್ಡಿಪಡಿಸುತ್ತದೆ. ತಿಂಡಿಯ ಜೊತೆಗೇ ಟೀ ಕುಡಿಯಬಾರದೆಂಬ ಮಾತನ್ನು ಈ ಸಂದರ್ಭದಲ್ಲಿ ಹೇಳಿದರೆ ಮಕ್ಕಳಿಗೆ ಕಾರಣ ಸಹಿತ ಮನದಟ್ಟಾಗುತ್ತದೆ.

ಇನ್ನೊಂದು ದಿನ ರಾಗಿ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ, ಬಿಸಿ ಹಾಲು ಹಾಕಿ ಕಲಸಿಸಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಆಲೂಗಡ್ಡೆಯ ವಿಷಯ ಸ್ವಲ್ಪ ನಾಜೂಕು. ಹಾಸನದಲ್ಲಿ ನಿಂತು ಆಲೂಗಡ್ಡೆಯನ್ನು ದೂರಿದರೆ ಮಕ್ಕಳಿಗಿಂತ ಮೊದಲು ಅವರ ಅಪ್ಪಂದಿರು ಎದ್ದು ಹೋಗುತ್ತಾರೆ! ಬೇಯಿಸಿದ ಆಲೂಗಡ್ಡೆ ಒಳ್ಳೆಯ ಆಹಾರವೇ, ಆದರೆ ತಟ್ಟೆಯಲ್ಲಿ ಅದನ್ನು ಸೊಪ್ಪು ತರಕಾರಿಯ ಲೆಕ್ಕಕ್ಕೆ ಹಿಡಿಯದೆ ಅನ್ನ, ಮುದ್ದೆಯ ಲೆಕ್ಕಕ್ಕೆ ಹಿಡಿಯಬೇಕೆಂದು ತಿಳಿಸಿದರೆ ಸಾಕು.

ಐದನೆಯ ತರಗತಿ ದಾಟಿದವರಿಗೆ ಖಾಲಿ ಪ್ಯಾಕೆಟ್ಟುಗಳನ್ನೇ ಪಠ್ಯವಾಗಿಸಬಹುದು. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದೇ ಮೊದಲು ಬರುತ್ತದೆ ಎಂಬ ನಿಯಮ ಗೊತ್ತಾದರೆ, ಬಿಸ್ಕತ್ತಿನಲ್ಲಿ ಸಕ್ಕರೆ ಎಷ್ಟನೆಯ ಸ್ಥಾನದಲ್ಲಿದೆ ಎಂದು ಅವರೇ ಹುಡುಕುತ್ತಾರೆ. ತಂಪು ಪಾನೀಯದ ಮೇಲೆ 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಎಂದಿದ್ದರೆ 200 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ, ಅಂದರೆ ನಾಲ್ಕೈದು ಟೀ ಚಮಚ. ಅಷ್ಟನ್ನು ಅಳೆದು ಕಾಗದದ ಮೇಲೆ ಸುರಿಸಿದರೆ ಬೇರೆ ಉಪನ್ಯಾಸ ಬೇಕಿಲ್ಲ.

ಕೆಲವು ಎಚ್ಚರಿಕೆಗಳು ಅಗತ್ಯ. ಹೊಸ ಸೊಪ್ಪನ್ನೋ ಕಾಯಿಯನ್ನೋ ಮಗು ಒಪ್ಪಿಕೊಳ್ಳಲು ಹತ್ತಾರು ಸಲ ರುಚಿ ನೋಡಬೇಕಾಗಬಹುದು; ಒಂದು ತುತ್ತು ನೀಡಿ, ಬೇಡವೆಂದರೆ ಸುಮ್ಮನಾಗಿ, ಮುಂದಿನ ವಾರ ಮತ್ತೆ ನೀಡುವುದೇ ದಾರಿ. ಎಲ್ಲರೆದುರು ತೂಕ ನೋಡುವುದು, ಸಣ್ಣ, ದಪ್ಪ ಎಂದು ಕರೆಯುವುದು, ಪಲ್ಯ ತಿಂದವರಿಗೆ ಚಾಕೊಲೇಟು ಕೊಡುವುದು ಇವು ಮೂರೂ ಕೂಡದು. ಚಾಕೊಲೇಟಿನ ಬಹುಮಾನವಂತೂ ಪಲ್ಯವೇ ಶಿಕ್ಷೆ ಎಂದು ಸಾರಿದಂತೆ.

ತಿಂಗಳಿಗೊಮ್ಮೆ ಹೋಬಳಿಯ ಸಂತೆಗೆ ಕರೆದೊಯ್ದು, ನಾಲ್ಕೈದು ಮಕ್ಕಳ ಗುಂಪಿಗೆ 50 ರೂಪಾಯಿ ಕೊಟ್ಟು, ಎಲ್ಲರಿಗೂ ಸಾಲುವ ಸಂಜೆಯ ತಿಂಡಿಗೆ ಸಾಮಾನು ಕೊಳ್ಳಲು ಬಿಡಬಹುದು. ಆ ದಿನ ತಾಯಂದಿರೂ ಜೊತೆಗಿದ್ದರೆ ಉತ್ತಮ, ಏಕೆಂದರೆ ಇಲ್ಲಿ ಕಲಿತದ್ದು ನಡೆಯಬೇಕಾದದ್ದು ಅವರ ಅಡುಗೆಮನೆಯಲ್ಲಿ. ಊರಿನ ಅಂಗಡಿಯವರನ್ನು ಎದುರು ಹಾಕಿಕೊಳ್ಳುವ ಬದಲು, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬಾಳೆಹಣ್ಣು, ಹುರಿಗಡಲೆ, ಕಡಲೆಕಾಯಿ ಮಿಠಾಯಿ ಇಡುವಂತೆ ಕೇಳಿಕೊಂಡು, ಕಾರ್ಯಕ್ರಮಕ್ಕೆ ಬೇಕಾದ ಕಾಳು, ಬೆಲ್ಲವನ್ನು ಅವರಲ್ಲೇ ಕೊಳ್ಳುವುದು ಜಾಣತನ.